ಗ್ರೀಕರ ಚಿತ್ರದ ಬಟ್ಟಲುಗಳಲ್ಲಿ ಪುರಾಣ ಕಥೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಚೀನ ಗ್ರೀಸಿನ ಮಣ್ಣಿನ ಪಾತ್ರೆ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಎತ್ತರದ ಹೂಜಿಗಳು. ಈ ಪುಟ ಅವುಗಳದ್ದಲ್ಲ, ವೈನ್ ಕುಡಿಯುವ ಬಟ್ಟಲುಗಳದ್ದು. ಇಲ್ಲಿರುವ ಉದಾಹರಣೆಗಳು ಬಹುಪಾಲು ಕ್ರಿ.ಪೂ. 550ರಿಂದ 430ರವರೆಗಿನ ಅಥೆನ್ಸಿನವು. ಒಳ್ಳೆಯ ಬಟ್ಟಲುಗಳು ಜಾಸ್ತಿ ತಯಾರಾಗಿದ್ದು ಆಗಲೇ, ಅಲ್ಲೇ.

ಇದು ಎಂಥ ಬಟ್ಟಲು? ನೋಡಲು ತಟ್ಟೆಯ ಹಾಗಿದೆಯಲ್ಲ?

ಇದರ ಹೆಸರು ಕೈಲಿಕ್ಸ್. ಅಗಲ ಜಾಸ್ತಿ, ಆಳ ಕಡಿಮೆ. ಕೆಳಗೆ ಒಂದು ಕಾಲು, ಎರಡು ಕಡೆ ಅಡ್ಡಲಾಗಿ ಚಾಚಿದ ಹಿಡಿಗಳು. ಕುಳಿತು ಕುಡಿಯುವವರಿಗೆ ಇದು ಅಷ್ಟು ಅನುಕೂಲವಲ್ಲ. ಆದರೆ ಗ್ರೀಕ್ ಗಂಡಸರು ಕುಡಿಯುವ ಕೂಟಗಳಲ್ಲಿ ಕುಳಿತಿರುತ್ತಿರಲಿಲ್ಲ. ಎಡ ಮೊಣಕೈ ಊರಿ ಮಂಚದ ಮೇಲೆ ಒರಗಿರುತ್ತಿದ್ದರು. ಹಾಗೆ ಒರಗಿದವನಿಗೆ ಆಳದ ಲೋಟಕ್ಕಿಂತ ಅಗಲದ ಬಟ್ಟಲೇ ವಾಸಿ, ತಲೆ ಹಿಂದಕ್ಕೆ ಬಾಗಿಸಬೇಕಾಗಿಲ್ಲ.

ಈ ಕೂಟದ ಹೆಸರು ಸಿಂಪೋಸಿಯಂ. ದೊಡ್ಡ ಬಾನಿಯಲ್ಲಿ ವೈನಿಗೆ ನೀರು ಬೆರೆಸಿ, ಅಲ್ಲಿಂದ ಎಲ್ಲರ ಬಟ್ಟಲಿಗೂ ಹಾಕುತ್ತಿದ್ದರು. ಸಾಮಾನ್ಯವಾಗಿ ನೀರೇ ಜಾಸ್ತಿ. ನೀರು ಬೆರೆಸದೆ ಕುಡಿಯುವುದು ಅನಾಗರಿಕರ ಲಕ್ಷಣ ಎಂದು ಅವರು ಮೂಗು ಮುರಿಯುತ್ತಿದ್ದರು. ಹಾಡು, ಕವಿತೆ, ವಾದ, ಆಟ ಎಲ್ಲವೂ ಅಲ್ಲಿ ನಡೆಯುತ್ತಿತ್ತು. ಬಟ್ಟಲಿನ ಹಿಡಿಗೆ ಬೆರಳು ತೂರಿಸಿ, ತಳದಲ್ಲಿ ಉಳಿದ ವೈನನ್ನು ಗುರಿಯಿಟ್ಟು ಎಸೆಯುವ ಕೊಟ್ಟಬೋಸ್ ಎಂಬ ಆಟವೂ ಇತ್ತು. ಮಾರನೆಯ ದಿನ ಆ ಕೋಣೆ ಒರೆಸಿದವರ ಪಾಡು ಏನಾಗಿರಬೇಕು!

ಒಂದೇ ಬಟ್ಟಲಿಗೆ ಮೂರು ಚಿತ್ರ ಯಾಕೆ?

ಒಳಗೆ, ನಡುವಿನ ವೃತ್ತದಲ್ಲಿ ಒಂದು ಚಿತ್ರ. ಇದನ್ನು ಟೊಂಡೊ ಎನ್ನುತ್ತಾರೆ. ಹೊರಗೆ, ಎರಡು ಹಿಡಿಗಳ ನಡುವೆ, ಆ ಕಡೆಗೊಂದು ಈ ಕಡೆಗೊಂದು ಚಿತ್ರ. ಇವನ್ನು ನೋಡುವವರೂ ಬೇರೆ ಬೇರೆ. ಒಳಗಿನದು ಕುಡಿಯುವವನಿಗೆ ಮಾತ್ರ ಕಾಣುತ್ತದೆ. ಬಟ್ಟಲು ತುಂಬಿದ್ದಾಗ ಅದು ಅವನಿಗೂ ಸರಿಯಾಗಿ ಕಾಣುವುದಿಲ್ಲ, ವೈನ್ ಇಳಿದ ಹಾಗೆ ಮೇಲೇಳುತ್ತದೆ. ಹೊರಗಿನವು ಎದುರು ಮಂಚದಲ್ಲಿ ಒರಗಿದವರಿಗೆ. ಕುಡಿಯುವವನು ಬಟ್ಟಲನ್ನು ಎತ್ತಿದಾಗಷ್ಟೇ ಅವು ಪೂರ್ತಿ ಕಾಣುತ್ತವೆ.

ಇದೊಂದನ್ನು ನೆನಪಿಟ್ಟುಕೊಂಡರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ತಾನಾಗಿ ಉತ್ತರ ಸಿಗುತ್ತದೆ. ಯಾವ ಕಥೆ ಎಂದು ಕೇಳುವ ಮೊದಲು, ಅದು ಬಟ್ಟಲಿನ ಯಾವ ಜಾಗದಲ್ಲಿದೆ ಎಂದು ನೋಡಬೇಕು. ಚಿತ್ರಕಾರ ಕಥೆ ಆರಿಸುವಾಗ ಜಾಗವನ್ನೂ ಲೆಕ್ಕ ಹಾಕಿರುತ್ತಾನೆ.

ಎಲ್ಲ ಕಡೆ ಕಾಣುವ ಆ ಹಡಗಿನ ಬಟ್ಟಲು ಯಾವುದು? ಡಾಲ್ಫಿನ್‌ಗಳು ಯಾಕೆ?

ಅದು ಎಕ್ಸೆಕಿಯಾಸ್ ಮಾಡಿದ್ದು. ಸುಮಾರು ಕ್ರಿ.ಪೂ. 540-530ರದ್ದು. ಇಟಲಿಯ ವುಲ್ಚಿಯಲ್ಲಿ ಸಿಕ್ಕಿತು, ಈಗ ಮ್ಯೂನಿಕ್‌ನಲ್ಲಿದೆ. ವೈನಿನ ದೇವರು ಡಯೊನೈಸಸ್ ಹಡಗಿನಲ್ಲಿ ಒರಗಿದ್ದಾನೆ. ಕೂಟದ ಮಂಚದಲ್ಲಿ ಒರಗುವ ಭಂಗಿಯೇ ಅದು. ಹಡಗಿನ ಕಂಬಕ್ಕೆ ದ್ರಾಕ್ಷಿ ಬಳ್ಳಿ ಹಬ್ಬಿದೆ. ಮೇಲೆ ಏಳು ಗೊಂಚಲು, ಸುತ್ತ ಏಳು ಡಾಲ್ಫಿನ್. ಗಾಳಿ ತುಂಬಿದ ಬಿಳಿ ಹಾಯಿ.

ಇದರ ಹಿಂದಿನ ಕಥೆ ಒಂದು ಹಳೆಯ ಗ್ರೀಕ್ ಸ್ತೋತ್ರದಲ್ಲಿ ಸಿಗುತ್ತದೆ. ಕಡಲ್ಗಳ್ಳರು ದಡದಲ್ಲಿ ನಿಂತ ಚೆಲುವ ಹುಡುಗನನ್ನು ಕಂಡು, ಯಾವುದೋ ರಾಜಕುಮಾರ, ಒಳ್ಳೆಯ ದುಡ್ಡು ಸಿಗುತ್ತದೆ ಎಂದು ಹಿಡಿದು ಹಾಕುತ್ತಾರೆ. ಕಟ್ಟಿದ ಹಗ್ಗ ತಾನಾಗಿ ಬಿಚ್ಚಿ ಬೀಳುತ್ತದೆ. ಚುಕ್ಕಾಣಿ ಹಿಡಿದವನೊಬ್ಬ ಮಾತ್ರ ‘ಇವನು ದೇವರು, ಬಿಟ್ಟುಬಿಡೋಣ’ ಎನ್ನುತ್ತಾನೆ. ಯಾರೂ ಕೇಳುವುದಿಲ್ಲ. ಹಡಗಿನ ತುಂಬ ವೈನ್ ಹರಿಯುತ್ತದೆ, ಬಳ್ಳಿ ಹಬ್ಬುತ್ತದೆ, ಹುಡುಗ ಸಿಂಹವಾಗುತ್ತಾನೆ. ಹೆದರಿದ ಕಳ್ಳರು ಕಡಲಿಗೆ ಹಾರಿ ಡಾಲ್ಫಿನ್‌ಗಳಾಗುತ್ತಾರೆ. ಚುಕ್ಕಾಣಿಯವನು ಉಳಿಯುತ್ತಾನೆ.

ಇಷ್ಟೆಲ್ಲ ಗಲಾಟೆಯಿದ್ದರೂ ಎಕ್ಸೆಕಿಯಾಸ್ ಸಿಂಹವನ್ನೂ ಬರೆಯಲಿಲ್ಲ, ಕಿರುಚಾಟವನ್ನೂ ಬರೆಯಲಿಲ್ಲ. ಎಲ್ಲ ಮುಗಿದ ಮೇಲಿನ ಹೊತ್ತನ್ನು ಆರಿಸಿಕೊಂಡ. ನೆಲದ ಗೆರೆ ಇಲ್ಲ, ಅಲೆಗಳೂ ಇಲ್ಲ. ಬಟ್ಟಲಿನ ಒಳಗೆಲ್ಲ ಹವಳದ ಕೆಂಪು. ವೈನ್ ಹಾಕಿದರೆ ಅದೇ ಕಡಲು! ಕುಡಿಯುವವನು ಮಂಚದಲ್ಲಿ ಒರಗಿ ನೋಡುವುದು ತನ್ನಂತೆಯೇ ಒರಗಿದ ದೇವರನ್ನು. ಗ್ರೀಕ್ ಬಟ್ಟಲುಗಳಲ್ಲಿ ಒಂದನ್ನೇ ನೋಡಲು ಸಮಯವಿದ್ದರೆ ಇದನ್ನೇ ನೋಡಿ ಎನ್ನುತ್ತೇನೆ.

ಅದೇ ಬಟ್ಟಲಿನ ಹೊರಗೆ ದೊಡ್ಡ ಕಣ್ಣುಗಳಿವೆ. ದೃಷ್ಟಿ ತಾಗದಿರಲೆಂದಾ?

ಹಾಗೆ ಹೇಳುವ ವಿದ್ವಾಂಸರಿದ್ದಾರೆ. ಇನ್ನೊಂದು ವಿವರಣೆ ನನಗೆ ಹೆಚ್ಚು ಒಪ್ಪುತ್ತದೆ. ಕುಡಿಯುವವನು ಬಟ್ಟಲು ಎತ್ತಿ ಬಾಯಿಗೆ ಹಿಡಿದಾಗ ಅವನ ಮುಖ ಮುಚ್ಚಿಹೋಗುತ್ತದೆ. ಎದುರಿನವರಿಗೆ ಕಾಣುವುದು ಎರಡು ದೊಡ್ಡ ಕಣ್ಣು, ಕಿವಿಗಳಂತೆ ಎರಡು ಹಿಡಿ, ಬಾಯಿಯಂತೆ ಕಾಲಿನ ತಳ. ಅಂದರೆ ಬಟ್ಟಲೇ ಮುಖವಾಡ. ಡಯೊನೈಸಸ್ ನಾಟಕಕ್ಕೂ ಮುಖವಾಡಕ್ಕೂ ಒಡೆಯನಾದ ದೇವರು, ಹಾಗಾಗಿ ಈ ತಮಾಷೆ ಕೂಟಕ್ಕೆ ಹೊಂದುತ್ತದೆ.

ಕಪ್ಪು ಮತ್ತು ಕೆಂಪು ಬಣ್ಣ ಯಾವುದರಿಂದ ಮಾಡಿದ್ದು?

ಎರಡೂ ಒಂದೇ ಜೇಡಿಮಣ್ಣು. ಮಣ್ಣನ್ನು ನೀರಿನಲ್ಲಿ ಕದಡಿ, ದಪ್ಪ ಕಣಗಳು ತಳಕ್ಕಿಳಿದ ಮೇಲೆ ಮೇಲಿನ ನುಣ್ಣನೆಯ ಭಾಗ ತೆಗೆದು, ಅದರಿಂದಲೇ ಚಿತ್ರ ಬರೆಯುತ್ತಿದ್ದರು. ಬರೆಯುವಾಗ ಬಣ್ಣದ ವ್ಯತ್ಯಾಸ ಅಷ್ಟಾಗಿ ಇರುವುದಿಲ್ಲ. ನಿಜವಾದ ಕೆಲಸ ಆವಿಗೆಯಲ್ಲಿ.

ಮೊದಲು ಗಾಳಿ ಆಡಲು ಬಿಟ್ಟು ಸುಡುತ್ತಾರೆ, ಇಡೀ ಪಾತ್ರೆ ಕೆಂಪಾಗುತ್ತದೆ. ಆಮೇಲೆ ಗಾಳಿಕಿಂಡಿ ಮುಚ್ಚಿ ಹಸಿ ಕಟ್ಟಿಗೆ ಹಾಕುತ್ತಾರೆ. ಹೊಗೆ ತುಂಬಿ ಎಲ್ಲವೂ ಕಪ್ಪಾಗುತ್ತದೆ. ಆಗಿನ ಶಾಖ 900 ಡಿಗ್ರಿಯ ಆಸುಪಾಸು. ಆ ಶಾಖಕ್ಕೆ ನುಣ್ಣನೆಯ ಮಣ್ಣು ಬಿಗಿದುಕೊಂಡು ಗಾಜಿನಂಥ ಪೊರೆಯಾಗುತ್ತದೆ. ಕೊನೆಗೆ ಕಿಂಡಿ ತೆಗೆದರೆ ಒರಟು ಮಣ್ಣಿನೊಳಗೆ ಗಾಳಿ ಹೋಗಿ ಅದು ಮತ್ತೆ ಕೆಂಪಾಗುತ್ತದೆ. ಪೊರೆಯೊಳಗೆ ಗಾಳಿ ಹೋಗಲಾರದು, ಅದು ಕಪ್ಪಾಗಿಯೇ ಉಳಿಯುತ್ತದೆ. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಕುಂಬಾರರು ಇದನ್ನು ಬರೀ ಕಣ್ಣಂದಾಜಿನಲ್ಲಿ ಮಾಡುತ್ತಿದ್ದರು.

ಮೊದಮೊದಲು ಆಕೃತಿಗಳು ಕಪ್ಪು, ಹಿನ್ನೆಲೆ ಕೆಂಪು. ಕಣ್ಣು, ಕೂದಲು, ಬಟ್ಟೆಯ ನೆರಿಗೆಗಳನ್ನು ಮೊನೆಯಿಂದ ಗೀರಿ ತೋರಿಸುತ್ತಿದ್ದರು. ಸುಮಾರು ಕ್ರಿ.ಪೂ. 525-520ರ ಹೊತ್ತಿಗೆ ಅಥೆನ್ಸಿನಲ್ಲಿ ಇದು ತಿರುಗಿತು. ಹಿನ್ನೆಲೆ ಕಪ್ಪು, ಆಕೃತಿ ಕೆಂಪು. ಗೀರುವ ಬದಲು ಕುಂಚದಿಂದ ಗೆರೆ ಎಳೆಯಬಹುದಾದ್ದರಿಂದ ಮೈಯ ತಿರುವು, ನೋವು, ಸುಸ್ತು ಎಲ್ಲ ಬರೆಯಲು ಸುಲಭವಾಯಿತು.

ಯಾರು ಯಾವ ದೇವರು ಎಂದು ಗುರುತಿಸುವುದು ಹೇಗೆ?

ಮೊದಲು ಕೈಯಲ್ಲಿ ಏನಿದೆ ನೋಡಿ. ಸಿಂಹದ ಚರ್ಮ, ದೊಣ್ಣೆ ಇದ್ದರೆ ಹೆರಾಕ್ಲೀಸ್. ರೆಕ್ಕೆಯ ಪಾದರಕ್ಷೆ ಇದ್ದರೆ ಹೆಚ್ಚಾಗಿ ಹರ್ಮಿಸ್. ಶಿರಸ್ತ್ರಾಣ ತೊಟ್ಟು, ಅಂಚಿನಲ್ಲಿ ಹಾವುಗಳಿರುವ ಎದೆಕವಚ ಹಾಕಿದ ಹೆಂಗಸು ಅಥೀನಾ. ತ್ರಿಶೂಲ ಇದ್ದರೆ ಪೊಸೈಡನ್. ಕುದುರೆಯ ಬಾಲ, ಕುದುರೆಯ ಕಿವಿ ಇರುವ ತುಂಟರು ಸ್ಯಾಟಿರ್‌ಗಳು, ಇವರು ಡಯೊನೈಸಸ್‌ನ ಪರಿವಾರ. ಎಷ್ಟೋ ಬಟ್ಟಲುಗಳಲ್ಲಿ ಪಕ್ಕದಲ್ಲೇ ಹೆಸರು ಬರೆದಿರುತ್ತದೆ. ಕೆಲವು ಕಡೆ ಬರೆದದ್ದಕ್ಕೆ ಅರ್ಥವೇ ಇರುವುದಿಲ್ಲ, ಸುಮ್ನೆ ಅಕ್ಷರ ಜೋಡಿಸಿರುತ್ತಾರೆ.

ಹೋಮರ್ ಹೇಳಿದ ಕಥೆಗಳನ್ನೇ ಬರೆಯುತ್ತಿದ್ದರಾ?

ಇಲ್ಲ. ಬಟ್ಟಲುಗಳು ಕಾವ್ಯದ ಸಚಿತ್ರ ಪ್ರತಿಗಳಲ್ಲ. ಕಥೆಗಳು ಹಲವು ರೂಪದಲ್ಲಿ ಬಾಯಿಂದ ಬಾಯಿಗೆ ಓಡಾಡುತ್ತಿದ್ದವು, ಚಿತ್ರಕಾರರು ತಮಗೆ ಬೇಕಾದ್ದನ್ನು ಹಿಡಿದುಕೊಂಡರು.

ಬರ್ಲಿನ್‌ನಲ್ಲಿರುವ ಸೋಸಿಯಾಸ್ ಬಟ್ಟಲನ್ನು ನೋಡಿ. ಸುಮಾರು ಕ್ರಿ.ಪೂ. 500ರದ್ದು. ಒಳಗಿನ ವೃತ್ತದಲ್ಲಿ ಟ್ರಾಯ್ ಯುದ್ಧದ ಗ್ರೀಕ್ ವೀರ ಅಕಿಲೀಸ್ ತನ್ನ ಗೆಳೆಯ ಪೆಟ್ರೋಕ್ಲಸ್‌ನ ತೋಳಿನ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದಾನೆ. ನಾಟಿದ್ದ ಬಾಣ ಪಕ್ಕದಲ್ಲಿದೆ. ಪೆಟ್ರೋಕ್ಲಸ್ ಮುಖ ಆಚೆ ತಿರುಗಿಸಿದ್ದಾನೆ, ಹಲ್ಲು ಕಾಣುತ್ತಿದೆ. ನೋವಿಗೆ ಚಾಚಿದ ಕಾಲು ವೃತ್ತದ ಅಂಚನ್ನು ಒದೆಯುತ್ತಿದೆ. ಈ ಪ್ರಸಂಗ ಆ ಯುದ್ಧದ ಬಗ್ಗೆ ಹೋಮರ್ ಹೇಳಿದ ಕಾವ್ಯ ಇಲಿಯಡ್‌ನಲ್ಲಿಲ್ಲ. ಅಲ್ಲಿ ಪೆಟ್ರೋಕ್ಲಸ್ ಇನ್ನೊಬ್ಬನ ಗಾಯ ತೊಳೆಯುತ್ತಾನೆ. ಅಕಿಲೀಸ್‌ಗೆ ಔಷಧದ ವಿದ್ಯೆ ಗೊತ್ತಿತ್ತು ಎಂಬ ಮಾತು ಮಾತ್ರ ಬರುತ್ತದೆ. ಮುಂದೆ ಪೆಟ್ರೋಕ್ಲಸ್ ಸಾಯುತ್ತಾನೆ, ಆ ಸಾವಿಗಾಗಿ ಅಕಿಲೀಸ್ ಕೆಂಡವಾಗುತ್ತಾನೆ ಎಂದು ನೋಡುವವರಿಗೆಲ್ಲ ಗೊತ್ತು. ಅದನ್ನು ತಿಳಿದೇ ಈ ಪಟ್ಟಿ ಕಟ್ಟುವುದನ್ನು ನೋಡಬೇಕು. ಅಕಿಲೀಸ್‌ನ ಕಣ್ಣನ್ನೂ ಗಮನಿಸಿ. ಅಲ್ಲಿಯವರೆಗೆ ಮುಖ ಪಕ್ಕಕ್ಕಿದ್ದರೂ ಕಣ್ಣು ಮಾತ್ರ ಎದುರಿನಿಂದ ನೋಡಿದಂತೆ ಬರೆಯುತ್ತಿದ್ದರು. ಇಲ್ಲಿ ಕಣ್ಣೂ ಪಕ್ಕಕ್ಕೆ ತಿರುಗಿದೆ. ಹಾಗಾಗಿ ದೃಷ್ಟಿ ನಿಜವಾಗಿಯೂ ಗಾಯದ ಮೇಲಿದೆ.

ಇನ್ನೂ ವಿಚಿತ್ರವಾದದ್ದು ವ್ಯಾಟಿಕನ್‌ನಲ್ಲಿರುವ ಡೌರಿಸ್‌ನ ಬಟ್ಟಲು. ಚಿನ್ನದ ತುಪ್ಪಳ ತರಲು ಹೋದ ಜೇಸನ್ ಕಥೆ ಕೇಳಿರುತ್ತೀರಿ. ಮಂತ್ರಗಾತಿ ಮೀಡಿಯಾ ಔಷಧ ಹಾಕಿ ಘಟಸರ್ಪವನ್ನು ಮಲಗಿಸುತ್ತಾಳೆ, ಜೇಸನ್ ತುಪ್ಪಳ ಎತ್ತಿಕೊಳ್ಳುತ್ತಾನೆ. ಬಟ್ಟಲಿನಲ್ಲಿ ಅದೇನೂ ಇಲ್ಲ. ಘಟಸರ್ಪದ ಬಾಯಿಂದ ಜೇಸನ್ ಅರ್ಧ ಹೊರಗೆ ಜೋತುಬಿದ್ದಿದ್ದಾನೆ. ಕೈಗಳು ಸೋತಿವೆ, ಕೂದಲು ಇಳಿಬಿದ್ದಿದೆ. ಹಿಂದೆ ಮರದಲ್ಲಿ ತುಪ್ಪಳ. ಎದುರಿಗೆ ಅಥೀನಾ, ಕೈಯಲ್ಲಿ ಗೂಬೆ ಹಿಡಿದು ನೋಡುತ್ತ ನಿಂತಿದ್ದಾಳೆ. ಹೆಸರು ಬರೆದಿಲ್ಲದಿದ್ದರೆ ಅದು ಜೇಸನ್ ಎಂದು ಯಾರೂ ಹೇಳುತ್ತಿರಲಿಲ್ಲ. ಉಳಿದುಬಂದಿರುವ ಯಾವ ಗ್ರಂಥದಲ್ಲೂ ಈ ಕಥೆ ಇಲ್ಲ. ಒಂದು ಕಾಲದಲ್ಲಿ ಎಲ್ಲರಿಗೂ ಗೊತ್ತಿದ್ದ ಪಾಠಾಂತರ ಇರಬೇಕು. ಅದಕ್ಕೆ ಉಳಿದ ಸಾಕ್ಷಿ ಈ ಬಟ್ಟಲು.

ಬ್ರಿಟಿಷ್ ಮ್ಯೂಸಿಯಂನಲ್ಲಿ, ಸೊಟಾಡೀಸ್‌ನ ಕಾರ್ಖಾನೆಯ ಪುಟ್ಟ ಬಿಳಿ ಬಟ್ಟಲೊಂದಿದೆ. ಅಥೆನ್ಸಿನ ಸಮಾಧಿಯೊಂದರಲ್ಲಿ ಸಿಕ್ಕಿದ್ದು. ಕ್ರೀಟ್‌ನ ರಾಜ ಮೈನಾಸ್‌ನ ಮಗ ಗ್ಲಾಕಸ್ ಜೇನಿನ ಗುಡಾಣದಲ್ಲಿ ಬಿದ್ದು ಸಾಯುತ್ತಾನೆ. ರಾಜ ಪಾಲಿಯೈಡಸ್ ಎಂಬ ಕಣಿ ಹೇಳುವವನನ್ನು ಹೆಣದ ಜೊತೆ ಸಮಾಧಿಯೊಳಗೆ ಹಾಕಿ, ಬದುಕಿಸು ಎನ್ನುತ್ತಾನೆ. ಒಳಗೆ ಬಂದ ಹಾವನ್ನು ಅವನು ಕೊಲ್ಲುತ್ತಾನೆ. ಇನ್ನೊಂದು ಹಾವು ಸೊಪ್ಪು ತಂದು ಅದನ್ನು ಬದುಕಿಸುತ್ತದೆ. ಅದೇ ಸೊಪ್ಪಿನಿಂದ ಹುಡುಗನೂ ಎದ್ದು ಕೂರುತ್ತಾನೆ. ಚಿತ್ರಕಾರ ಸಮಾಧಿಯ ದಿಬ್ಬವನ್ನು ಅರ್ಧ ಸೀಳಿದಂತೆ ಬರೆದು ಒಳಗನ್ನು ತೋರಿಸಿದ್ದಾನೆ. ಬಟ್ಟಲಿನ ಗುಂಡಗಿನ ಅಂಚೇ ಸಮಾಧಿಯ ಗೋಡೆಯಂತೆ ಕಾಣುತ್ತದೆ. ಹೀಗೆ ಜಾಗವನ್ನು ಕಥೆಗೆ ದುಡಿಸಿಕೊಳ್ಳುವುದು ದೊಡ್ಡ ಹೂಜಿಯ ಮೇಲೆ ಸಾಧ್ಯವಿಲ್ಲ.

ನಗು ಬರಿಸುವ ಚಿತ್ರಗಳಿಲ್ಲವೇ?

ಬೇಕಾದಷ್ಟು. ವ್ಯಾಟಿಕನ್‌ನಲ್ಲೇ ಇರುವ ಇನ್ನೊಂದು ಬಟ್ಟಲಿನ ಒಳಗೆ ಹೆರಾಕ್ಲೀಸ್ ಬಟ್ಟಲೊಂದರಲ್ಲಿ ಕುಳಿತು ಕಡಲು ದಾಟುತ್ತಿದ್ದಾನೆ. ಸುತ್ತ ಮೀನು, ಆಕ್ಟೋಪಸ್. ಸೂರ್ಯದೇವ ಹೀಲಿಯಾಸ್ ರಾತ್ರಿ ಹೊತ್ತು ಪಡುವಣದಿಂದ ಮೂಡಣಕ್ಕೆ ಬಟ್ಟಲಿನಲ್ಲಿ ಕೂತು ಹೋಗುತ್ತಾನೆ ಎಂಬ ನಂಬಿಕೆಯಿತ್ತು. ಮೂರು ಮೈಯ ಗೆರಿಯೋನ್‌ನ ದನಗಳನ್ನು ತರಲು ಹೆರಾಕ್ಲೀಸ್ ಅದನ್ನು ಕಡ ಪಡೆಯುತ್ತಾನೆ. ಈಗ ಯೋಚಿಸಿ. ನಿಮ್ಮ ಕೈಯಲ್ಲಿ ಬಟ್ಟಲು, ಅದರ ತಳದಲ್ಲಿ ಇನ್ನೊಂದು ಬಟ್ಟಲು, ಅದರಲ್ಲಿ ಹೆರಾಕ್ಲೀಸ್. ವೈನ್ ತುಂಬಿದರೆ ಅವನು ಮುಳುಗುತ್ತಾನೆ, ನೀವು ಕುಡಿದು ಅವನನ್ನು ಕಾಪಾಡಬೇಕು!

ಬಾಸ್ಟನ್‌ನಲ್ಲಿರುವ, ಕ್ರಿ.ಪೂ. 550ರ ಸುಮಾರಿನ ಬಟ್ಟಲಿನದು ಸ್ವಲ್ಪ ಕುಹಕದ ನಗು. ಮಾಟಗಾತಿ ಸರ್ಸಿ ಮದ್ದು ಕದಡುತ್ತ ನಿಂತಿದ್ದಾಳೆ. ಒಡಿಸ್ಸಿಯಸ್‌ನ ಸಂಗಡಿಗರಿಗೆ ಆಗಲೇ ಪ್ರಾಣಿಗಳ ತಲೆ ಬಂದಿದೆ. ಅವಳ ಕೈಯಲ್ಲಿರುವುದೂ ಕೈಲಿಕ್ಸ್ ಬಟ್ಟಲೇ. ಚಿತ್ರ ಇರುವುದು ಹೊರಮೈಯಲ್ಲಿ. ಅಂದರೆ ನೀವು ಕುಡಿಯುತ್ತಿರುವಾಗ ಎದುರಿನವರು ಅದನ್ನು ನೋಡುತ್ತಿರುತ್ತಾರೆ.

ಸಂತೋಷದ ಕೂಟದಲ್ಲಿ ಹೆಣ, ಯುದ್ಧ ಯಾಕೆ?

ಕೂಟದಲ್ಲಿ ಹಾಡುತ್ತಿದ್ದದ್ದೂ ಅವೇ ಕಥೆಗಳನ್ನು ಎಂಬುದು ಸುಲಭದ ಉತ್ತರ. ಆದರೆ ಕೆಲವು ಬಟ್ಟಲುಗಳ ಮುಂದೆ ಆ ಉತ್ತರ ಸಾಲುವುದಿಲ್ಲ.

ಲೂವ್ರ್‌ನಲ್ಲಿ ಡೌರಿಸ್ ಬರೆದ ಬಟ್ಟಲಿನಲ್ಲಿ ಮುಂಜಾವಿನ ದೇವತೆ ಈಯಾಸ್ ತನ್ನ ಮಗ ಮೆಮ್ನಾನ್‌ನ ಹೆಣವನ್ನು ಎತ್ತಿಕೊಳ್ಳುತ್ತಿದ್ದಾಳೆ. ಅವನನ್ನು ಕೊಂದವನು ಅಕಿಲೀಸ್. ಅವಳ ರೆಕ್ಕೆಗಳು ವೃತ್ತವನ್ನು ತುಂಬಿವೆ, ಮಗನ ಕೈಕಾಲುಗಳು ಜೋತಿವೆ. ಅದೇ ಮ್ಯೂಸಿಯಂನಲ್ಲಿ ಬ್ರೈಗೋಸ್ ಚಿತ್ರಕಾರನ ಬಟ್ಟಲಿದೆ, ಟ್ರಾಯ್ ಪಟ್ಟಣ ಬಿದ್ದ ರಾತ್ರಿಯದು. ಮುದುಕ ರಾಜ ಪ್ರಿಯಮ್ ಯಜ್ಞವೇದಿಯ ಮೇಲೆ ಕುಳಿತು ಪ್ರಾಣ ಬೇಡುತ್ತಿದ್ದಾನೆ. ಇನ್ನೊಂದು ಕಡೆ ಅವನ ಸೊಸೆ ಆಂಡ್ರೊಮಕಿ ಒನಕೆ ಎತ್ತಿ ಶತ್ರುವಿನ ಮೇಲೆ ಬೀಳುತ್ತಿದ್ದಾಳೆ. ಕನ್ನಡಿಗರಿಗೆ ಯಾರ ನೆನಪಾಗುತ್ತದೆ ಎಂದು ಹೇಳಬೇಕಾಗಿಲ್ಲ. ಗೆದ್ದವರು ಗ್ರೀಕರು, ಬಟ್ಟಲು ಮಾಡಿದವರೂ ಗ್ರೀಕರು. ಆದರೂ ಚಿತ್ರದ ಕನಿಕರವೆಲ್ಲ ಸೋತವರ ಕಡೆಗಿದೆ.

ಮ್ಯೂನಿಕ್‌ನ ಪೆಂಥೆಸಿಲಿಯಾ ಬಟ್ಟಲು ಸುಮಾರು ಕ್ರಿ.ಪೂ. 460ರದ್ದು, ಅಡ್ಡಳತೆ 43 ಸೆಂಟಿಮೀಟರ್. ಕುಡಿಯಲು ಅದು ವಿಪರೀತ ದೊಡ್ಡದು. ಹೆಣ್ಣು ಯೋಧರಾದ ಅಮೆಜಾನರ ರಾಣಿ ಪೆಂಥೆಸಿಲಿಯಾಳ ಎದೆಗೆ ಕತ್ತಿ ಇಳಿಸುವ ಗಳಿಗೆಯಲ್ಲಿ ಅಕಿಲೀಸ್ ಅವಳ ಕಣ್ಣನ್ನು ನೋಡುತ್ತಾನೆ, ಅಲ್ಲೇ ಅವನಿಗೆ ಪ್ರೀತಿ ಹುಟ್ಟುತ್ತದೆ ಎಂಬ ಕಥೆ. ಆಕೃತಿಗಳು ವೃತ್ತದಲ್ಲಿ ಹಿಡಿಸದೆ ಬಾಗಿವೆ. ಆ ಇಕ್ಕಟ್ಟೇ ಚಿತ್ರದ ಬಲ.

ಥೀಸಿಯಸ್ ಇಷ್ಟೊಂದು ಬಟ್ಟಲುಗಳಲ್ಲಿ ಯಾಕೆ?

ಅವನು ಅಥೆನ್ಸಿನವರ ಸ್ವಂತ ವೀರ. ಕ್ರಿ.ಪೂ. 510ರ ನಂತರ, ನಿರಂಕುಶ ಆಳ್ವಿಕೆ ಹೋಗಿ ಪ್ರಜಾಪ್ರಭುತ್ವ ಬರುವ ಹೊತ್ತಿಗೆ, ಅವನ ಚಿತ್ರಗಳು ಹೆಚ್ಚಾದವು. ಸುಮಾರು 475ರಲ್ಲಿ ಸೇನಾಪತಿ ಕಿಮಾನ್ ಸ್ಕೈರಾಸ್ ದ್ವೀಪದಿಂದ ಥೀಸಿಯಸ್‌ನವು ಎಂದು ಮೂಳೆಗಳನ್ನೇ ತಂದು ಊರಿನಲ್ಲಿ ಹೂಳಿಸಿದ. ರಾಜಕೀಯಕ್ಕೆ ಪುರಾಣ ಬೇಕಾಗುವುದು ಹೊಸದೇನಲ್ಲ, ಅಲ್ವಾ?

ಬ್ರಿಟಿಷ್ ಮ್ಯೂಸಿಯಂನಲ್ಲಿ ಕೋಡ್ರಸ್ ಚಿತ್ರಕಾರನದು ಎನ್ನುವ ಬಟ್ಟಲಿದೆ. ನಡುವೆ ಥೀಸಿಯಸ್ ಗೂಳಿ ತಲೆಯ ರಾಕ್ಷಸ ಮಿನೊಟಾರ್‌ನ ಹೆಣವನ್ನು ಎಳೆದು ತರುತ್ತಿದ್ದಾನೆ. ಅದರ ಸುತ್ತ ಉಂಗುರದಂತೆ ಉಳಿದ ಸಾಹಸಗಳು: ದಾರಿಗಳ್ಳರು, ಹಂದಿ, ಮ್ಯಾರಥಾನ್‌ನ ಗೂಳಿ. ಹೊರಗೂ ಮತ್ತೆ ಅವೇ ಸಾಹಸಗಳು. ಬಟ್ಟಲು ತಿರುಗಿಸುತ್ತ ಕಥೆ ಹೇಳಲು ಹೇಳಿ ಮಾಡಿಸಿದ್ದು.

ಚಿತ್ರಕಾರರ ಹೆಸರು ಗೊತ್ತಾಗುವುದು ಹೇಗೆ?

ಕೆಲವರು ಸಹಿ ಹಾಕಿದ್ದಾರೆ. ಮಾಡಿದವನದು ಬೇರೆ, ಬರೆದವನದು ಬೇರೆ. ಡೌರಿಸ್ ಸುಮಾರು 40 ಪಾತ್ರೆಗಳಿಗೆ ಸಹಿ ಹಾಕಿದ್ದಾನೆ, ಅವನವೇ ಎಂದು ಗುರುತಿಸಿದವು 250ಕ್ಕೂ ಜಾಸ್ತಿ. ಯುಥಿಮಿಡೀಸ್ ಎಂಬ ಚಿತ್ರಕಾರ ಒಂದು ಹೂಜಿಯ ಮೇಲೆ ತನ್ನ ಕಾಲದ ಇನ್ನೊಬ್ಬ ಚಿತ್ರಕಾರನನ್ನು ಹೆಸರಿಸಿ ‘ಯೂಫ್ರೋನಿಯಸ್‌ಗೆ ಹೀಗೆ ಎಂದೂ ಬಂದಿಲ್ಲ’ ಎಂಬರ್ಥದ ಮಾತು ಬರೆದು ಕೆಣಕಿದ್ದಾನೆ.

ಸಹಿ ಇಲ್ಲದವರನ್ನು ಕೈಚಳಕದಿಂದ ಗುರುತಿಸಿದವರು ಆಕ್ಸ್‌ಫರ್ಡ್‌ನ ಜಾನ್ ಬೀಜ್ಲಿ (1885-1970). ಕಿವಿ, ಕಣಕಾಲು, ನೆರಿಗೆಯ ಗೆರೆಗಳನ್ನು ಹೋಲಿಸಿ ಸಾವಿರಾರು ಪಾತ್ರೆಗಳನ್ನು ವಿಂಗಡಿಸಿದರು. ಹೆಸರು ಗೊತ್ತಿಲ್ಲದವರಿಗೆ ಒಳ್ಳೆಯ ಚಿತ್ರದ ಹೆಸರನ್ನೋ ಕುಂಬಾರನ ಹೆಸರನ್ನೋ ಇಟ್ಟರು. ಪೆಂಥೆಸಿಲಿಯಾ ಚಿತ್ರಕಾರ, ಬ್ರೈಗೋಸ್ ಚಿತ್ರಕಾರ ಎಲ್ಲ ಹಾಗೆ ಬಂದ ಹೆಸರುಗಳು.

ಗ್ರೀಕ್ ಬಟ್ಟಲುಗಳು ಇಟಲಿಯಲ್ಲಿ ಸಿಗುವುದೇಕೆ?

ಅಥೆನ್ಸಿನಿಂದ ಹಡಗುಗಳಲ್ಲಿ ಇಟಲಿಯ ಎಟ್ರಸ್ಕನ್ ಜನರಿಗೆ ಮಾರಾಟವಾದವು. ಅವರು ಸತ್ತವರ ಜೊತೆ ಒಳ್ಳೆಯ ಸಾಮಾನುಗಳನ್ನು ಕಲ್ಲಿನ ಕೋಣೆಗಳಲ್ಲಿ ಇಡುತ್ತಿದ್ದರು. ಮನೆಯಲ್ಲಿದ್ದ ಬಟ್ಟಲು ಒಡೆದುಹೋಯಿತು, ಸಮಾಧಿಯಲ್ಲಿದ್ದದ್ದು ಉಳಿಯಿತು. 1828ರಲ್ಲಿ ವುಲ್ಚಿಯ ಸಮಾಧಿಗಳನ್ನು ತೆರೆದಾಗ ಸಾವಿರಗಟ್ಟಲೆ ಪಾತ್ರೆಗಳು ಹೊರಬಂದವು. ಅದಕ್ಕೂ ಮೊದಲು ಹಲವರು ಇವನ್ನೆಲ್ಲ ಎಟ್ರಸ್ಕನ್ನರೇ ಮಾಡಿದ್ದು ಎಂದುಕೊಂಡಿದ್ದರು. ಇಂಗ್ಲೆಂಡಿನ ವೆಜ್‌ವುಡ್ 1769ರಲ್ಲಿ ತನ್ನ ಪಿಂಗಾಣಿ ಕಾರ್ಖಾನೆಗೆ ಎಟ್ರಸ್ಕನ್ನರ ನಾಡಿನ ಹೆಸರಾದ ಎಟ್ರೂರಿಯಾ ಎಂದು ಹೆಸರಿಟ್ಟಿದ್ದು ಅದೇ ಗುಂಗಿನಲ್ಲಿ.

ಕದ್ದು ಸಾಗಿಸಿದವೂ ಮ್ಯೂಸಿಯಂಗಳಲ್ಲಿ ಇವೆಯಾ?

ಇದ್ದವು, ಕೆಲವು ವಾಪಸ್ ಹೋಗಿವೆ. ಒನೆಸಿಮೋಸ್ ಬರೆದ, ಟ್ರಾಯ್ ಪತನದ ದೊಡ್ಡ ಬಟ್ಟಲೊಂದು ಅಮೆರಿಕದ ಗೆಟ್ಟಿ ಮ್ಯೂಸಿಯಂಗೆ ಚೂರುಚೂರಾಗಿ ಬಂದು ಸೇರಿತ್ತು. ಅದರ ಕಾಲಿನ ಮೇಲೆ ಎಟ್ರಸ್ಕನ್ ಬರಹ ಇತ್ತು. 1999ರಲ್ಲಿ ಅದನ್ನು ಇಟಲಿಗೆ ಹಿಂದಿರುಗಿಸಿದರು. ಕಳ್ಳ ಅಗೆತದಲ್ಲಿ ನಷ್ಟವಾಗುವುದು ವಸ್ತು ಮಾತ್ರವಲ್ಲ. ಯಾರ ಸಮಾಧಿ, ಯಾವ ದೇಗುಲ, ಪಕ್ಕದಲ್ಲಿ ಏನಿತ್ತು ಎಂಬುದೆಲ್ಲ ಅಳಿಸಿಹೋಗುತ್ತದೆ.

ಹೆಂಗಸರು ಈ ಬಟ್ಟಲುಗಳಲ್ಲಿ ಕುಡಿಯುತ್ತಿದ್ದರಾ?

ಮನೆಯ ಹೆಂಗಸರಿಗೆ ಕೂಟಕ್ಕೆ ಪ್ರವೇಶ ಇರಲಿಲ್ಲ. ಕೊಳಲು ನುಡಿಸುವವರು, ಹಣ ಪಡೆದು ಸಂಗಾತಕ್ಕೆ ಬರುವ ಹೆಂಗಸರು ಇರುತ್ತಿದ್ದರು. ಬಟ್ಟಲುಗಳ ಚಿತ್ರಗಳಲ್ಲಿ ಅವರೂ ಕುಡಿಯುವುದು ಕಾಣುತ್ತದೆ.

ಆನ್‌ಲೈನ್‌ನಲ್ಲಿ ನೋಡುವಾಗ ಏನು ಗಮನಿಸಬೇಕು?

ಆಕ್ಸ್‌ಫರ್ಡ್‌ನ ಬೀಜ್ಲಿ ಆರ್ಕೈವ್ ಉಚಿತವಾಗಿ ಸಿಗುತ್ತದೆ. ಬ್ರಿಟಿಷ್ ಮ್ಯೂಸಿಯಂ, ಲೂವ್ರ್, ಬಾಸ್ಟನ್ ಮ್ಯೂಸಿಯಂಗಳ ವೆಬ್‌ಸೈಟ್‌ಗಳಲ್ಲೂ ಒಳ್ಳೆಯ ಫೋಟೊಗಳಿವೆ. ಒಳಗಿನ ವೃತ್ತದ ಫೋಟೊ ಒಂದನ್ನೇ ನೋಡಿ ಮುಂದೆ ಹೋಗಬೇಡಿ, ಹೊರಗಿನ ಎರಡು ಬದಿಗಳನ್ನೂ ತೆರೆಯಿರಿ. ಸೋಸಿಯಾಸ್ ಬಟ್ಟಲಿನ ಒಳಗೆ ಗಾಯ, ನೋವು. ಹೊರಗೆ ಹೆರಾಕ್ಲೀಸ್ ದೇವತೆಗಳ ನಡುವೆ ಒಲಿಂಪಸ್ ಸೇರುತ್ತಿದ್ದಾನೆ. ಒಬ್ಬ ವೀರ ಅಮರನಾಗುವುದನ್ನು ಎದುರಿನವರು ನೋಡುತ್ತಿದ್ದರೆ, ಕುಡಿಯುವವನ ಪಾಲಿಗೆ ಸಾಯಲಿರುವ ಇನ್ನೊಬ್ಬ ಬಂದಿದ್ದಾನೆ. ಅಳತೆಯನ್ನೂ ಓದಿ. 20 ಸೆಂಟಿಮೀಟರಿನ ಬಟ್ಟಲೂ 43 ಸೆಂಟಿಮೀಟರಿನದೂ ಪರದೆಯ ಮೇಲೆ ಒಂದೇ ಗಾತ್ರದಲ್ಲಿ ಕಾಣುತ್ತವೆ.